ಕಡಲ ದಾರಿಯ ಕೀಲಿಕೈ ಯಾರ ಕೈಯಲ್ಲಿ?

ಪೇಟೆಯ ಅಂಗಡಿಯಲ್ಲಿ ಖರ್ಜೂರದ ಬೆಲೆ ಏರಿದರೆ ನಾವು ಅಂಗಡಿಯವನನ್ನು ದೂರುತ್ತೇವೆ. ಮಕ್ಕಳ ಆಟಿಕೆ, ಮೊಬೈಲ್ ಫೋನು, ಹೊಲಿಗೆ ಯಂತ್ರದ ಬಿಡಿಭಾಗಗಳು ದುಬಾರಿಯಾದರೆ ಸರಕಾರವನ್ನು ದೂರುತ್ತೇವೆ. ಈ ಇಬ್ಬರಿಗೂ ಹೊಣೆಯಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬೆಲೆಯ ಒಂದು ಪಾಲು ನಿರ್ಧಾರವಾಗುವುದು ಇವರಿಬ್ಬರ ಕೈಗೂ ಎಟುಕದ ಸ್ಥಳದಲ್ಲಿ. ಅದುವೇ ಕಂಟೇನರ್ ಬಂದರು. ಜಗತ್ತಿನ ಸರಕು ವ್ಯಾಪಾರದ ಶೇಕಡಾ 80ಕ್ಕಿಂತಲೂ ಹೆಚ್ಚಿನ ಪಾಲು, ತೂಕದ ಲೆಕ್ಕದಲ್ಲಿ, ಕಡಲ ಮೂಲಕವೇ ಸಾಗುತ್ತದೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ಹೇಳುತ್ತದೆ. ಆದರೂ ನಮ್ಮ ರಾಜಕೀಯ ಚರ್ಚೆಯಲ್ಲಿ ಬಂದರಿಗೆ ಸ್ಥಾನವಿಲ್ಲ. ಯಾವುದಾದರೂ ಬಂದರಿನ ಉದ್ಘಾಟನೆಯಾದ ದಿನ ಭಾವಚಿತ್ರ ಪ್ರಕಟವಾಗುತ್ತದೆ, ಮರುದಿನ ವಿಷಯ ಮರೆತುಹೋಗುತ್ತದೆ. ಈ ಮೌನ ನಮಗೆ ದುಬಾರಿಯಾಗಿ ಪರಿಣಮಿಸಿದೆ.

ಕಂಟೇನರ್ ಎಂಬುದು ಮೇಲ್ನೋಟಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ, ಅಷ್ಟೇ. 1956ರ ಎಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ 'ಐಡಿಯಲ್ ಎಕ್ಸ್' ಎಂಬ ಹಡಗು ಅಂತಹ 58 ಪೆಟ್ಟಿಗೆಗಳನ್ನು ಹೊತ್ತು ಸಾಗಿತು. ಅದನ್ನು ಕಳುಹಿಸಿದವರು ಲಾರಿ ಸಾಗಣೆಯ ಉದ್ಯಮಿ ಮಾಲ್ಕಮ್ ಮೆಕ್ಲೀನ್. ಅದುವರೆಗೆ ಮೂಟೆ, ಪೀಪಾಯಿ, ಕಟ್ಟುಗಳನ್ನು ಕೂಲಿಯಾಳುಗಳು ಒಂದೊಂದಾಗಿ ಹೊತ್ತು ತುಂಬಬೇಕಾಗಿತ್ತು. ಟನ್ನಿಗೆ ಸುಮಾರು 5.86 ಡಾಲರ್ ತಗಲುತ್ತಿದ್ದ ಆ ಖರ್ಚು, ಆ ಹಡಗಿನಲ್ಲಿ 16 ಸೆಂಟ್‌ಗೆ ಇಳಿಯಿತೆಂದು ಲೆಕ್ಕ ಹಾಕಲಾಯಿತು. ಹೀಗೆ ದೂರದ ಊರಿನ ಸರಕು ಅಗ್ಗವಾಯಿತು. ಚೀನಾದ ಕಾರ್ಖಾನೆ, ಬಾಂಗ್ಲಾದೇಶದ ಸಿದ್ಧ ಉಡುಪು, ಯುರೋಪಿನ ಮಾರುಕಟ್ಟೆ ಇವೆಲ್ಲವೂ ಒಂದೇ ಹಗ್ಗದಲ್ಲಿ ಬಿಗಿಯಲ್ಪಟ್ಟವು. ಆದರೆ ಆ ಹಗ್ಗದ ಗಂಟುಗಳು ಎಲ್ಲೆಡೆ ಸಮಾನವಾಗಿ ಹಂಚಿಹೋಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಇಂದಿನ ಅತಿ ದೊಡ್ಡ ಹಡಗುಗಳು ಸುಮಾರು 400 ಮೀಟರ್ ಉದ್ದವಿದ್ದು, 20 ಅಡಿಯ ಲೆಕ್ಕದಲ್ಲಿ 24 ಸಾವಿರಕ್ಕೂ ಮಿಕ್ಕಿ ಕಂಟೇನರ್‌ಗಳನ್ನು ಹೊರುತ್ತವೆ. ಇಂತಹ ಹಡಗು ಎಲ್ಲ ಬಂದರುಗಳಿಗೂ ಹೋಗಲಾರದು. ಅದಕ್ಕೆ ಆಳವಾದ ನೀರು ಬೇಕು, ಎತ್ತರದ ಕ್ರೇನ್‌ಗಳು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಒಂದೇ ಕಡೆ ಸಾವಿರಾರು ಪೆಟ್ಟಿಗೆಗಳು ಸಿಗಬೇಕು. ಆದುದರಿಂದ ಹಡಗು ಕಂಪೆನಿಗಳು ಕೆಲವೇ ಬಂದರುಗಳನ್ನು ಕೇಂದ್ರಗಳಾಗಿ ಆರಿಸಿಕೊಂಡಿವೆ. ಸಣ್ಣ ಬಂದರುಗಳಿಂದ ಫೀಡರ್ ಎಂದು ಕರೆಯಲಾಗುವ ಚಿಕ್ಕ ಹಡಗುಗಳು ಪೆಟ್ಟಿಗೆಗಳನ್ನು ಅಲ್ಲಿಗೆ ತಲುಪಿಸುತ್ತವೆ, ಅಲ್ಲಿ ಅವುಗಳನ್ನು ತಾಯಿಹಡಗಿಗೆ ಏರಿಸಲಾಗುತ್ತದೆ. ಇದನ್ನೇ ಟ್ರಾನ್ಸ್‌ಶಿಪ್‌ಮೆಂಟ್ ಎನ್ನುತ್ತಾರೆ. 2024ರಲ್ಲಿ ಶಾಂಘೈ ಬಂದರು 5 ಕೋಟಿಗೂ ಅಧಿಕ, ಸಿಂಗಾಪುರ 4.1 ಕೋಟಿ, ದುಬೈಯ ಜೆಬೆಲ್ ಅಲಿ ಸುಮಾರು 1.55 ಕೋಟಿ ಕಂಟೇನರ್‌ಗಳನ್ನು ನಿಭಾಯಿಸಿದವು. ಸಿಂಗಾಪುರದಲ್ಲಿ ಇಳಿಯುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸಿಂಗಾಪುರದವುಗಳಲ್ಲ, ಆ ದೇಶಕ್ಕಾಗಿ ಬಂದವುಗಳೂ ಅಲ್ಲ. ಅನ್ಯರ ಸರಕು ತನ್ನ ಧಕ್ಕೆಯನ್ನು ಹಾದು ಹೋಗುವಂತೆ ಮಾಡಿದ್ದೇ ಆ ಪುಟ್ಟ ದೇಶದ ಬಲ.

ನಮ್ಮ ನೆರೆಯ ಕೊಲಂಬೊ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ. ಸೂಯೆಜ್ ಕಾಲುವೆಯಿಂದ ಮಲಕ್ಕಾ ಜಲಸಂಧಿಗೆ ಸಾಗುವ ಹಡಗಿಗೆ ಕೊಲಂಬೊ ದಾರಿಯ ಬದಿಯಲ್ಲೇ ಇದೆ. ಸ್ಥಳದ ಈ ಅನುಕೂಲವನ್ನು ಶ್ರೀಲಂಕಾ ಅಂತರ್ಯುದ್ಧದ ಕಠಿಣ ವರ್ಷಗಳಲ್ಲಿಯೂ ಕೈಬಿಡಲಿಲ್ಲ. ಪರಿಣಾಮವೇನು? ಭಾರತದ ಟ್ರಾನ್ಸ್‌ಶಿಪ್‌ಮೆಂಟ್ ಸರಕಿನ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿದೇಶೀ ಬಂದರುಗಳಲ್ಲಿ ನಿಭಾಯಿಸಲ್ಪಡುತ್ತಿದೆ, ಅದರಲ್ಲಿ ಬಹುಪಾಲು ಕೊಲಂಬೊ, ಸಿಂಗಾಪುರ ಮತ್ತು ಮಲೇಶ್ಯದ ಪೋರ್ಟ್ ಕ್ಲಾಂಗ್‌ಗಳಲ್ಲಿ ಎಂದು ಕೇಂದ್ರ ಸರಕಾರವೇ ಹಲವು ವರ್ಷಗಳಿಂದ ಹೇಳುತ್ತಾ ಬಂದಿದೆ. ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕರಾವಳಿಯಿರುವ ದೇಶವೊಂದು ತನ್ನ ಸರಕನ್ನು ದೂರದೇಶಕ್ಕೆ ಕಳುಹಿಸಲು ನೆರೆಯ ದ್ವೀಪದ ಧಕ್ಕೆಯನ್ನು ಅವಲಂಬಿಸಿದೆ. ಪ್ರತಿಯೊಂದು ಪೆಟ್ಟಿಗೆಯನ್ನು ಹೆಚ್ಚುವರಿಯಾಗಿ ಇಳಿಸಿ ಏರಿಸುವ ಖರ್ಚು, ಕಾಯುವ ದಿನಗಳ ಖರ್ಚು ಎಲ್ಲವೂ ಕೊನೆಗೆ ಬೆಳೆಗಾರನ ಮತ್ತು ಬಳಕೆದಾರನ ತಲೆಗೇ ಬೀಳುತ್ತದೆ.

ಕರ್ನಾಟಕವನ್ನೇ ತೆಗೆದುಕೊಳ್ಳೋಣ. ದೇಶದ ಕಾಫಿಯ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಆ ಕಾಫಿಯ ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ. ಸಮೀಪದ ನವಮಂಗಳೂರು ಬಂದರಿನಲ್ಲಿ ಕಂಟೇನರ್ ಟರ್ಮಿನಲ್ ಇದೆ, ಕಾಫಿ ಮತ್ತು ಗೇರುಬೀಜ ಅಲ್ಲಿಂದ ರಫ್ತಾಗುತ್ತವೆ. ಆದರೆ ಜಗತ್ತಿನ ಅತಿ ದೊಡ್ಡ ತಾಯಿಹಡಗುಗಳು ಅಲ್ಲಿಗೆ ಬರುವುದಿಲ್ಲ, ಅಲ್ಲಿನ ಪೆಟ್ಟಿಗೆ ಫೀಡರ್ ಹಡಗನ್ನೇರಿ ಬೇರೊಂದು ಕೇಂದ್ರವನ್ನು ಸೇರಬೇಕು. ಬೆಂಗಳೂರಿನ ಸಿದ್ಧ ಉಡುಪುಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಲ್ಲಿ ರೈಲನ್ನೇರುವ ಪೆಟ್ಟಿಗೆಗಳು ಚೆನ್ನೈಯ ದಾರಿ ಹಿಡಿಯುತ್ತವೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಮ್ಮ ಸಹೋದರಿಯರ ಕೂಲಿಗೂ ಯಾವುದೋ ದೇಶದ ಧಕ್ಕೆಯಲ್ಲಿ ಹಡಗು ಕಾಯುವ ದಿನಗಳಿಗೂ ಸಂಬಂಧವಿದೆಯೆಂದರೆ ಅದು ಉತ್ಪ್ರೇಕ್ಷೆಯಲ್ಲ. ಸಾಗಣೆ ತಡವಾದರೆ ವಿದೇಶೀ ಖರೀದಿದಾರ ದರ ಕಡಿತಗೊಳಿಸುತ್ತಾನೆ, ಕಾರ್ಖಾನೆಯ ಮಾಲಕ ಅದನ್ನು ಸರಿದೂಗಿಸಲು ಮೊದಲು ಕೈಹಾಕುವುದು ಕಾರ್ಮಿಕರ ಹೊಟ್ಟೆಗೆ.

ಹಾಗಾದರೆ ನಾವೂ ಒಂದು ದೊಡ್ಡ ಬಂದರನ್ನು ಕಟ್ಟಿಬಿಟ್ಟರೆ ಸಮಸ್ಯೆ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. ವಸ್ತುತಃ ವಿಷಯ ಅಷ್ಟು ಸರಳವಲ್ಲ. 2011ರ ಫೆಬ್ರವರಿಯಲ್ಲಿ ಕೊಚ್ಚಿಯ ವಲ್ಲಾರ್ಪಾಡಂ ಟರ್ಮಿನಲನ್ನು ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟಿಸಿದಾಗ, ಕೊಲಂಬೊಗೆ ಹೋಗುತ್ತಿದ್ದ ಸರಕು ಇನ್ನು ಇಲ್ಲಿಯೇ ನಿಲ್ಲುವುದೆಂದು ಹೇಳಲಾಗಿತ್ತು. ಹಾಗಾಗಲಿಲ್ಲ. ವಿದೇಶೀ ಹಡಗುಗಳು ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವುದನ್ನು ತಡೆಯುವ ನಿಯಮಗಳನ್ನು ಎಲ್ಲ ಬಂದರುಗಳಿಗೆ ಸಡಿಲಿಸಲು 2018 ಬರಬೇಕಾಯಿತು. ಅಷ್ಟರೊಳಗೆ ಹಡಗು ಕಂಪೆನಿಗಳ ದಾರಿ ಕೊಲಂಬೊದಲ್ಲಿ ಇನ್ನಷ್ಟು ಗಟ್ಟಿಯಾಗಿತ್ತು. ಶ್ರೀಲಂಕಾದ ಹಂಬಂಟೋಟ ಇನ್ನೊಂದು ಪಾಠ. ಚೀನಾದ ಸಾಲದಿಂದ ನಿರ್ಮಿಸಿ 2010ರಲ್ಲಿ ತೆರೆದ ಆ ಬಂದರಿಗೆ ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ. 2017ರಲ್ಲಿ ಸುಮಾರು 112 ಕೋಟಿ ಡಾಲರ್‌ಗೆ ಅದನ್ನು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪೆನಿಯೊಂದಕ್ಕೆ ಒಪ್ಪಿಸಲಾಯಿತು. ಕಾಂಕ್ರೀಟು ಸುರಿದ ಮಾತ್ರಕ್ಕೆ ಬಂದರು ಕೇಂದ್ರವಾಗುವುದಿಲ್ಲ.

ಅಷ್ಟಕ್ಕೂ ಕೇಂದ್ರವನ್ನು ಆರಿಸುವವರು ಯಾರು? ಹಡಗು ಕಂಪೆನಿಗಳು. 2000ದಲ್ಲಿ ಡೆನ್ಮಾರ್ಕಿನ ಮೇರ್ಸ್ಕ್ ಕಂಪೆನಿ ತನ್ನ ಕೇಂದ್ರವನ್ನು ಸಿಂಗಾಪುರದಿಂದ ಪಕ್ಕದ ಮಲೇಶ್ಯದ ತಂಜುಂಗ್ ಪೆಲೆಪಾಸ್ ಎಂಬ ಹೊಸ ಬಂದರಿಗೆ ವರ್ಗಾಯಿಸಿತು ಮಾತ್ರವಲ್ಲ, ಅದರಲ್ಲಿ ಶೇಕಡಾ 30ರ ಪಾಲನ್ನೂ ಪಡೆಯಿತು. ಎರಡು ವರ್ಷಗಳ ಬಳಿಕ ತೈವಾನಿನ ಎವರ್‌ಗ್ರೀನ್ ಕಂಪೆನಿಯೂ ಅದೇ ದಾರಿ ಹಿಡಿಯಿತು. ದಕ್ಷತೆಗೆ ಹೆಸರಾದ ಸಿಂಗಾಪುರವೇ ಒಂದೆರಡು ಕಂಪೆನಿಗಳ ತೀರ್ಮಾನದ ಮುಂದೆ ನಡುಗಿತು. ಇಂದು ಹತ್ತು ಕಂಪೆನಿಗಳ ಕೈಯಲ್ಲಿ ಜಗತ್ತಿನ ಕಂಟೇನರ್ ಹಡಗುಗಳ ಸಾಮರ್ಥ್ಯದ ಶೇಕಡಾ 80ಕ್ಕಿಂತಲೂ ಅಧಿಕ ಪಾಲಿದೆ. 2025ರ ಫೆಬ್ರವರಿಯಲ್ಲಿ ಮೇರ್ಸ್ಕ್ ಮತ್ತು ಜರ್ಮನಿಯ ಹಪಾಗ್ ಲಾಯ್ಡ್ ಕಂಪೆನಿಗಳು ಜೊತೆಗೂಡಿ, ಕೆಲವೇ ಕೇಂದ್ರಗಳಲ್ಲಿ ತಾಯಿಹಡಗು ನಿಲ್ಲಿಸಿ ಉಳಿದೆಡೆಗೆ ಫೀಡರ್ ಓಡಿಸುವ ಹೊಸ ವ್ಯವಸ್ಥೆಯನ್ನು ಆರಂಭಿಸಿದವು. ಯಾವ ದೇಶದ ಸಂಸತ್ತೂ ಇದನ್ನು ಚರ್ಚಿಸಿ ತೀರ್ಮಾನಿಸಿದ್ದಲ್ಲ. ಆದರೆ ಅದರ ಪರಿಣಾಮ ಅನೇಕ ದೇಶಗಳ ವ್ಯಾಪಾರದ ಮೇಲಾಗುತ್ತದೆ.

ಎಲ್ಲವೂ ಕೆಲವೇ ಗಂಟುಗಳಲ್ಲಿ ಸೇರಿಕೊಂಡಾಗ ಒಂದು ಗಂಟು ಬಿಗಿದರೂ ಸಾಕು, ಜಗತ್ತಿಗೆ ಉಸಿರುಗಟ್ಟುತ್ತದೆ. 2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ ಒಂದೇ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಲುಕಿ ಆರು ದಿನ ದಾರಿ ಮುಚ್ಚಿತು. ಅದೇ ವರ್ಷ, ಕೊರೋನಾದ ಬಳಿಕ ಬಂದರುಗಳಲ್ಲಿ ಹಡಗುಗಳ ಸಾಲು ಬೆಳೆದು, 40 ಅಡಿಯ ಪೆಟ್ಟಿಗೆಯೊಂದರ ಸರಾಸರಿ ಬಾಡಿಗೆ 10 ಸಾವಿರ ಡಾಲರ್ ದಾಟಿತು. ಈ ಏರಿಕೆಯಿಂದ ಜಗತ್ತಿನ ಬಳಕೆದಾರ ಬೆಲೆಗಳು ಶೇಕಡಾ 1.5ರಷ್ಟು ಏರಬಹುದು, ಸಣ್ಣ ದ್ವೀಪರಾಷ್ಟ್ರಗಳಲ್ಲಿ ಶೇಕಡಾ 7.5ರಷ್ಟು ಏರಬಹುದು ಎಂದು ಅಂಕ್ಟಾಡ್ ಆಗ ಅಂದಾಜಿಸಿತು. ಈ ಎರಡು ಅಂಕೆಗಳ ನಡುವಿನ ಅಂತರವನ್ನು ಓದುಗರು ಗಮನಿಸಬೇಕು. ಜಾಲದ ಅಂಚಿನಲ್ಲಿರುವವನು ಕೇಂದ್ರದಲ್ಲಿರುವವನಿಗಿಂತ ಐದು ಪಟ್ಟು ತೆರಬೇಕೆಂಬುದು ಅದರ ಅರ್ಥ. ಅದೇ ಅವಧಿಯಲ್ಲಿ ಹಡಗು ಕಂಪೆನಿಗಳು ಹಿಂದೆಂದೂ ಕಾಣದ ಲಾಭ ಗಳಿಸಿದವು. ಹಡಗಿನ ಕಾರ್ಮಿಕರ ಸ್ಥಿತಿಯೋ? 2020ರ ಕೊನೆಗೆ ಸುಮಾರು 4 ಲಕ್ಷ ನಾವಿಕರು, ಒಪ್ಪಂದದ ಅವಧಿ ಮುಗಿದಿದ್ದರೂ ಮನೆಗೆ ಮರಳಲಾಗದೆ ಹಡಗುಗಳಲ್ಲೇ ಸಿಲುಕಿದ್ದರು.

2023ರ ನವೆಂಬರ್‌ನಲ್ಲಿ ಗಾಝಾದ ಮೇಲಿನ ದಾಳಿಗೆ ಪ್ರತಿಯಾಗಿ ಎಂದು ಹೇಳಿಕೊಂಡು ಯಮನಿನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭಿಸಿದರು. ದೊಡ್ಡ ಕಂಪೆನಿಗಳು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಸಾಗತೊಡಗಿದವು. ಪ್ರಯಾಣ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. 2024ರಲ್ಲಿ ಸೂಯೆಜ್‌ನಿಂದ ಈಜಿಪ್ಟಿಗೆ ಬರುವ ಆದಾಯ ಹಿಂದಿನ ವರ್ಷಕ್ಕಿಂತ ಶೇಕಡಾ 60ಕ್ಕೂ ಹೆಚ್ಚು ಕುಸಿಯಿತು. 2024ರ ಮಾರ್ಚ್‌ನಲ್ಲಿ 'ಟ್ರೂ ಕಾನ್ಫಿಡೆನ್ಸ್' ಎಂಬ ಹಡಗಿನ ಮೇಲೆ ನಡೆದ ದಾಳಿಯಲ್ಲಿ ಪ್ರಾಣ ಕಳೆದುಕೊಂಡ ಮೂವರೂ ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಮಿನ ಬಡ ನಾವಿಕರು. ಗಾಝಾದ ಮಕ್ಕಳ ನೋವಿಗೆ ಆ ಬಡಪಾಯಿಗಳು ಯಾವ ವಿಧದಲ್ಲಿ ಹೊಣೆಗಾರರು?

ಯಮನಿನ ಕಥೆಯನ್ನು ಹಿಂದಿನಿಂದ ಓದಬೇಕು. ತನ್ನ ಆಹಾರದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ಆ ದೇಶದ ಆಮದಿನ ಸುಮಾರು ಶೇಕಡಾ 70 ಹುದೈದಾ ಬಂದರಿನ ಮೂಲಕ ಬರುತ್ತಿತ್ತು. 2015ರ ಆಗಸ್ಟ್‌ನಲ್ಲಿ ಸೌದಿ ಅರೇಬಿಯಾ ನೇತೃತ್ವದ ಮಿತ್ರಕೂಟದ ವಿಮಾನಗಳು ಅಲ್ಲಿನ ಕ್ರೇನ್‌ಗಳನ್ನು ಧ್ವಂಸಗೊಳಿಸಿದವು. ಬದಲಿ ಸಂಚಾರಿ ಕ್ರೇನ್‌ಗಳನ್ನು ವಿಶ್ವ ಆಹಾರ ಕಾರ್ಯಕ್ರಮವು ಅಲ್ಲಿಗೆ ತಲುಪಿಸಲು ಸಾಧ್ಯವಾದದ್ದು 2018ರ ಜನವರಿಯಲ್ಲಿ. ಈ ನಡುವಿನ ಅವಧಿಯಲ್ಲಿ ಹಸಿವಿನಿಂದ ಕಂಗೆಟ್ಟ ಮಕ್ಕಳ ಚಿತ್ರಗಳನ್ನು ಜಗತ್ತು ಕಂಡಿತು. 2024ರ ಜುಲೈಯಲ್ಲಿ ಅದೇ ಬಂದರಿನ ಮೇಲೆ ಇಸ್ರೇಲ್ ಬಾಂಬು ಹಾಕಿತು. ಒಂದು ಬಂದರಿನ ನಾಲ್ಕು ಕ್ರೇನ್‌ಗಳನ್ನು ಕೆಡವಿದರೆ ಒಂದು ಜನತೆಯ ತಟ್ಟೆಯನ್ನೇ ಕಸಿದಂತೆ ಎಂಬುದನ್ನು ಯುದ್ಧ ಮಾಡುವವರು ಚೆನ್ನಾಗಿ ಬಲ್ಲರು. ಅದನ್ನು ಮಾಡಿದವನು ಯಾವ ಧರ್ಮದವನಾದರೂ ಅನ್ಯಾಯವು ಅನ್ಯಾಯವೇ. ಇಸ್ರೇಲಿನ ಬಾಂಬನ್ನು ಖಂಡಿಸುವ ನಾಲಗೆ, ಅರಬ್ ವಿಮಾನದ ಬಾಂಬಿನ ಮುಂದೆ ಮೌನವಾಗಬಾರದು.

ಬಂದರಿನ ಮಾಲಕತ್ವವು ರಾಜಕೀಯವೇ ಎಂಬುದಕ್ಕೂ ಸಾಕಷ್ಟು ಪುರಾವೆಗಳಿವೆ. 2006ರಲ್ಲಿ ದುಬೈಯ ಡಿಪಿ ವರ್ಲ್ಡ್ ಸಂಸ್ಥೆಯು ಬ್ರಿಟನ್ನಿನ ಪಿ ಆ್ಯಂಡ್ ಓ ಕಂಪೆನಿಯನ್ನು ಖರೀದಿಸಿದಾಗ ಅಮೆರಿಕದ ಕೆಲವು ಬಂದರುಗಳ ಟರ್ಮಿನಲ್‌ಗಳೂ ಅದರ ಕೈಸೇರಬೇಕಿತ್ತು. ಆ ಟರ್ಮಿನಲ್‌ಗಳು ಅದಕ್ಕೆ ಮೊದಲೂ ವಿದೇಶೀ ಕಂಪೆನಿಯ ಕೈಯಲ್ಲೇ ಇದ್ದವು. ಬ್ರಿಟಿಷರ ಕೈಯಲ್ಲಿದ್ದಾಗ ಇಲ್ಲದ ಭದ್ರತೆಯ ಆತಂಕ ಅರಬರ ಹೆಸರು ಬಂದೊಡನೆ ಅಮೆರಿಕದ ಸಂಸತ್ತಿನಲ್ಲಿ ಎದ್ದು ನಿಂತಿತು. ಅಧ್ಯಕ್ಷ ಬುಷ್ ಅವರೇ ಒಪ್ಪಂದದ ಪರವಾಗಿದ್ದರೂ ಕೊನೆಗೆ ದುಬೈ ಸಂಸ್ಥೆ ಆ ಟರ್ಮಿನಲ್‌ಗಳನ್ನು ಮಾರಿತು. ಅದೇ ಸಂಸ್ಥೆಯ ನಿಯಂತ್ರಣದಲ್ಲಿದ್ದ ದೋರಾಲೆ ಟರ್ಮಿನಲನ್ನು 2018ರಲ್ಲಿ ಜಿಬೂತಿ ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಒಪ್ಪಂದ ತನ್ನ ಹಿತಕ್ಕೆ ವಿರುದ್ಧವಾಗಿದೆ ಎಂಬುದು ಅದರ ವಾದ. ಗ್ರೀಸಿನ ಪಿರಿಯಸ್ ಬಂದರು ಸಾಲದ ಬಿಕ್ಕಟ್ಟಿನ ಕಾಲದಲ್ಲಿ, 2016ರಲ್ಲಿ, ಚೀನಾದ ಕಾಸ್ಕೋ ಕಂಪೆನಿಯ ಕೈಸೇರಿತು. ಹೀಗೆ ಒಂದೆಡೆ ಹೆಸರು ನೋಡಿ ಹೆದರುವವರು, ಇನ್ನೊಂದೆಡೆ ಹಣ ನೋಡಿ ಬಂದರನ್ನೇ ಬರೆದುಕೊಡುವವರು. ಇವೆರಡೂ ವಿವೇಕದ ದಾರಿಗಳಲ್ಲ. ಕೇಳಬೇಕಾದ ಪ್ರಶ್ನೆ ಮಾಲಕನ ಹೆಸರಿನ ಬಗ್ಗೆ ಅಲ್ಲ, ಒಪ್ಪಂದದ ಷರತ್ತುಗಳ ಬಗ್ಗೆ.

ಕೇರಳದ ವಿಝಿಂಜಂ ಈ ಪ್ರಶ್ನೆಯನ್ನು ನಮ್ಮ ಮನೆಬಾಗಿಲಿಗೇ ತಂದಿದೆ. ಅಂತಾರಾಷ್ಟ್ರೀಯ ಹಡಗು ದಾರಿಗೆ ಸುಮಾರು 10 ನಾಟಿಕಲ್ ಮೈಲು ದೂರದಲ್ಲಿ, ಸ್ವಾಭಾವಿಕ ಆಳವಿರುವ ಈ ಬಂದರಿಗೆ 2024ರ ಜುಲೈಯಲ್ಲಿ ಮೊದಲ ತಾಯಿಹಡಗು ಬಂತು. 2025ರ ಜೂನ್‌ನಲ್ಲಿ 24 ಸಾವಿರಕ್ಕೂ ಹೆಚ್ಚು ಕಂಟೇನರ್ ಸಾಮರ್ಥ್ಯದ 'ಎಂಎಸ್‌ಸಿ ಇರೀನಾ' ಅಲ್ಲಿ ಲಂಗರು ಹಾಕಿತು. ಇದು ದೊಡ್ಡ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಕೊಲಂಬೊದ ಅವಲಂಬನೆ ತಗ್ಗಿಸುವ ದಾರಿ ಕೊನೆಗೂ ತೆರೆದಿದೆ. ಆದರೆ ಈ ಬಂದರನ್ನು ನಿರ್ಮಿಸಿ ನಡೆಸುವ ಅದಾನಿ ಸಮೂಹದೊಂದಿಗಿನ 2015ರ ಒಪ್ಪಂದವು ಕಂಪೆನಿಯ ಪರವಾಗಿ ವಾಲಿದೆ, ರೂಢಿಯ 30 ವರ್ಷಗಳ ಬದಲು 40 ವರ್ಷಗಳ ಅವಧಿ ನೀಡಲಾಗಿದೆ ಎಂದು ಮಹಾಲೇಖಪಾಲರ ವರದಿಯೇ 2017ರಲ್ಲಿ ಆಕ್ಷೇಪಿಸಿತ್ತು. ಅದೇ ಸಮೂಹ ಕೊಲಂಬೊದ ಹೊಸ ಪಶ್ಚಿಮ ಟರ್ಮಿನಲ್ಲಿನ ಪ್ರಧಾನ ಪಾಲುದಾರನೂ ಹೌದು. ಪರಸ್ಪರ ಸ್ಪರ್ಧಿಸಬೇಕಾದ ಎರಡು ಬಂದರುಗಳಲ್ಲಿ ಒಂದೇ ಸಮೂಹದ ಹಿತ ನೆಲೆಗೊಂಡಾಗ, ಸ್ಪರ್ಧೆಯ ಲಾಭ ಜನರಿಗೆ ತಲುಪುವುದೇ ಎಂದು ಕೇಳುವುದು ಅಭಿವೃದ್ಧಿ ವಿರೋಧವಲ್ಲ.

ಇದರ ಬೆಲೆ ತೆತ್ತವರು ಕರಾವಳಿಯ ಮೀನುಗಾರರು. ಬಂದರಿನ ನಿರ್ಮಾಣದಿಂದ ತೀರ ಕೊರೆದುಹೋಗುತ್ತಿದೆ, ಮನೆಗಳು ಕಡಲ ಪಾಲಾಗುತ್ತಿವೆ ಎಂದು 2022ರಲ್ಲಿ ಅವರು ನೂರಕ್ಕೂ ಹೆಚ್ಚು ದಿನ ಧರಣಿ ನಡೆಸಿದರು. ಅವರನ್ನು ಅಭಿವೃದ್ಧಿಯ ಶತ್ರುಗಳೆಂದು ಚಿತ್ರಿಸಲು ಎಡ, ಬಲ ಪಕ್ಷಗಳೆರಡೂ ಹಿಂದೆ ಬೀಳಲಿಲ್ಲ. ಬಳಿಕ 2025ರ ಮೇ 25ರಂದು, ವಿಝಿಂಜಂನಿಂದ ಕೊಚ್ಚಿಗೆ ಸಾಗುತ್ತಿದ್ದ 'ಎಂಎಸ್‌ಸಿ ಎಲ್ಸಾ 3' ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಪ್ಲಾಸ್ಟಿಕ್ ಹರಳುಗಳು ಕೇರಳದ ತೀರವನ್ನು ತುಂಬಿದವು. ಮೀನು ತಿನ್ನಲು ಜನ ಅಂಜಿದರು, ಮೀನುಗಾರನ ಬುಟ್ಟಿ ಮಾರಾಟವಾಗದೆ ಉಳಿಯಿತು. ಹಡಗಿನ ಒಡೆತನ ಒಂದು ದೇಶದಲ್ಲಿ, ಧ್ವಜ ಇನ್ನೊಂದು ದೇಶದ್ದು, ವಿಮೆ ಮತ್ತೊಂದೆಡೆ. ನಷ್ಟ ಮಾತ್ರ ತೀರದ ಗುಡಿಸಲಿನದ್ದು. ಮಹಾರಾಷ್ಟ್ರದ ವಾಢ್ವಣದಲ್ಲಿ 76 ಸಾವಿರ ಕೋಟಿ ರೂಪಾಯಿಯ ಬಂದರಿಗೆ 2024ರಲ್ಲಿ ಶಿಲಾನ್ಯಾಸವಾದಾಗಲೂ, ನಮ್ಮ ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರಿನ ವಿರುದ್ಧ 2025ರಲ್ಲಿ ಮೀನುಗಾರರು ಬೀದಿಗಿಳಿದಾಗಲೂ ಕೇಳಿಬಂದದ್ದು ಇದೇ ಪ್ರಶ್ನೆ: ಕಡಲು ಯಾರದು?

ಈ ತೀರಕ್ಕೆ ಜಾಲದ ಪಾಠ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಬೆನ್ ಯಿಜು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್‌ನೊಂದಿಗೆ ವ್ಯಾಪಾರ ನಡೆಸಿದ್ದನ್ನು ಕೈರೋದಲ್ಲಿ ದೊರೆತ ಪತ್ರಗಳು ತಿಳಿಸುತ್ತವೆ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಪರ್ಶಿಯಾ ಮತ್ತು ಯಮನಿನ ವರ್ತಕರು ಮಂಗಳೂರಿನಲ್ಲಿ ಇಳಿಯುವುದನ್ನು ದಾಖಲಿಸಿದ್ದಾರೆ. ಭಟ್ಕಳದ ನವಾಯತರ, ಕರಾವಳಿಯ ಬ್ಯಾರಿಗಳ ಇತಿಹಾಸ ಈ ಕಡಲ ವ್ಯಾಪಾರದಿಂದ ಬೇರ್ಪಡಿಸಲಾಗದ್ದು. ಆ ಕಾಲದ ಜಾಲದಲ್ಲಿ ಮನುಷ್ಯನಿದ್ದ. ಯಹೂದಿ, ಮುಸ್ಲಿಮ್, ಹಿಂದೂ ವರ್ತಕರ ನಡುವಿನ ಮಾತು ಮತ್ತು ನಂಬಿಕೆ ಇತ್ತು. ಇಂದು ಅದೇ ತೀರದ ಮಕ್ಕಳು ಕೊಲ್ಲಿಗೆ ಹೋಗಿ ಬೇರೆಯವರ ಬಂದರು ಮತ್ತು ಗೋದಾಮುಗಳಲ್ಲಿ ದುಡಿಯುತ್ತಾರೆ. ಜೆಬೆಲ್ ಅಲಿ ತೆರೆದದ್ದು 1979ರಲ್ಲಿ. ಆರು ವರ್ಷಗಳ ಬಳಿಕ ಅದರ ಬೆನ್ನಿಗೇ ಸುಂಕಮುಕ್ತ ವಲಯವೊಂದನ್ನು ಕಟ್ಟಿ ದುಬೈ ಮರಳುಗಾಡನ್ನೇ ಮಾರುಕಟ್ಟೆಯಾಗಿಸಿತು. ಅಲ್ಲಿ ಬೆವರು ಸುರಿಸಿದ ನಾವು ಆ ವ್ಯವಸ್ಥೆಯ ವಿದ್ಯೆಯನ್ನು ಮಾತ್ರ ಊರಿಗೆ ತರಲಿಲ್ಲ.

ಆದುದರಿಂದ ನಾವು ಹೇಳಬೇಕಾದುದು ಎರಡು ವಿಧ. ಸರಕಾರಕ್ಕೆ ಹೇಳಬೇಕಾದದ್ದು: ಬಂದರುಗಳ ಗುತ್ತಿಗೆ ಒಪ್ಪಂದಗಳು ಸಂಪೂರ್ಣವಾಗಿ ಸಾರ್ವಜನಿಕವಾಗಲಿ, ವಿಧಾನಸಭೆಯಲ್ಲಿ ಚರ್ಚೆಯಾಗಲಿ. ತೀರದ ಕುಟುಂಬಗಳ ಪುನರ್ವಸತಿ ಬಂದರಿನ ಮೊದಲ ಕಲ್ಲಿಗಿಂತ ಮೊದಲೇ ಮುಗಿಯಲಿ. ಬಂದರಿನ ಆದಾಯದ ಒಂದು ಪಾಲು ಆ ತೀರದ ಶಾಲೆ, ಆಸ್ಪತ್ರೆಗಳಿಗೆ ಕಾನೂನಿನ ಮೂಲಕವೇ ಮೀಸಲಾಗಲಿ. ಹಡಗು ಮುಳುಗಿದರೆ ಮೀನುಗಾರನು ನ್ಯಾಯಾಲಯದ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕಾಯದಂತೆ ತಕ್ಷಣದ ಪರಿಹಾರ ನಿಧಿ ಇರಲಿ. ಮೀನುಗಾರ ಮೊಗವೀರನೋ ಕ್ರೈಸ್ತನೋ ಮುಸ್ಲಿಮನೋ ಎಂದು ನೋಡದೆ ಅವನ ಜೊತೆ ನಿಲ್ಲುವುದು ನಮ್ಮ ಕರ್ತವ್ಯ.

ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು: ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ಹೊರಗೂ ವಿದ್ಯೆಯಿದೆ. ಮರ್ಚೆಂಟ್ ನೇವಿ, ಕಸ್ಟಮ್ಸ್ ಕೆಲಸ, ಸರಕು ಸಾಗಣೆಯ ನಿರ್ವಹಣೆ, ಕಡಲ ಕಾನೂನು ಮತ್ತು ವಿಮೆ ಇವೆಲ್ಲ ನಮ್ಮ ಯುವಕ ಯುವತಿಯರು ಪ್ರವೇಶಿಸಬಹುದಾದ ಕ್ಷೇತ್ರಗಳು. ವಿದ್ಯಾರ್ಥಿವೇತನ ನೀಡುವ ನಮ್ಮ ಸಂಸ್ಥೆಗಳು ಈ ಕೋರ್ಸುಗಳನ್ನೂ ತಮ್ಮ ಪಟ್ಟಿಗೆ ಸೇರಿಸಲಿ. ಗೇರುಬೀಜ, ಮಸಾಲೆ, ಚರ್ಮ, ಚನ್ನಪಟ್ಟಣದ ಆಟಿಕೆಗಳಂತಹ ಸಣ್ಣ ಉದ್ಯಮಗಳು ಒಂಟಿಯಾಗಿ ಒಂದು ಪೆಟ್ಟಿಗೆ ತುಂಬಲಾರವು, ಆದ್ದರಿಂದ ಮಧ್ಯವರ್ತಿಯ ಮುಂದೆ ತಲೆಬಾಗುತ್ತವೆ. ಹತ್ತು ಮಂದಿ ಸೇರಿ ಒಂದು ಕಂಟೇನರ್ ತುಂಬುವ ಸಹಕಾರಿ ಸಂಘ ಕಟ್ಟಿದರೆ ಬಾಡಿಗೆಯ ಬಗ್ಗೆ ಚೌಕಾಶಿ ಮಾಡುವ ಬಲ ಬರುತ್ತದೆ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಪರಸ್ಪರ ನಂಬಿಕೆ ಸಾಕು.

ಜಗತ್ತಿನ ವ್ಯಾಪಾರದ ನಕ್ಷೆಯನ್ನು ಬದಲಿಸುವುದು ನಮ್ಮಿಂದಾಗದು. ಆದರೆ ನಮ್ಮ ತೀರದಲ್ಲಿ ಏನನ್ನು ಕಟ್ಟಬೇಕು, ಯಾವ ಷರತ್ತಿನ ಮೇಲೆ ಕಟ್ಟಬೇಕು, ಅದರ ಲಾಭ ಮತ್ತು ನಷ್ಟವನ್ನು ಯಾರು ಹಂಚಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವ ಮತ ನಮ್ಮ ಕೈಯಲ್ಲಿದೆ. ಮುಂದಿನ ಚುನಾವಣೆಯಲ್ಲಿ ಮನೆಬಾಗಿಲಿಗೆ ಬರುವ ಅಭ್ಯರ್ಥಿಯನ್ನು ರಸ್ತೆ, ಚರಂಡಿಗಳ ಜೊತೆಗೆ ಬಂದರಿನ ಬಗ್ಗೆಯೂ ಪ್ರಶ್ನಿಸೋಣ.